ನಾದದ ಕೊಳುಕೊಡೆ

ಲೋಕದ ಸೊತ್ತಿನಲ್ಲಿ ಎರಡು ಬಗೆ. ಒಂದು, ಕೊಟ್ಟರೆ ಕಡಮೆಯಾಗುವಂಥದು. ಇನ್ನೊಂದು, ಕೊಟ್ಟರೂ ಕಡಮೆಯಾಗದಿರುವಂಥದು. ಹೊಲ, ಹಣ, ದವಸಗಳು ಮೊದಲನೆಯ ಬಗೆಗೆ ಸೇರಿದವು. ವಿದ್ಯೆ ಎರಡನೆಯದಕ್ಕೆ ಸೇರಿದುದೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಈ ಕಾಲದಲ್ಲಿ ಯಂತ್ರದ ಉಪಕಾರದಿಂದ ಸಂಗೀತವೂ ಆ ಎರಡನೆಯ ಪಂಕ್ತಿಗೆ ಬಂದು ಕುಳಿತಿದೆ. ಒಬ್ಬ ರಸಿಕನ ಬಳಿಯಿರುವ ಒಂದು ಕಚೇರಿಯ ಧ್ವನಿಮುದ್ರಣವನ್ನು ನೂರು ಮಂದಿಗೆ ಹಂಚಿದರೂ ಅವನ ಪಾಲು ಎಳ್ಳಷ್ಟೂ ಸವೆಯುವುದಿಲ್ಲ. ಹಾಗಿರುವಾಗ ಈ ಹಂಚಿಕೆಗೆ ಕಟ್ಟಳೆಯೇಕೆ, ಮರ್ಯಾದೆಯೇಕೆ, ಹಿರಿಯರ ಅಪ್ಪಣೆಯೇಕೆ ಎಂದು ಕೇಳುವ ತರುಣರು ಇಂದು ಹೆಚ್ಚುತ್ತಿದ್ದಾರೆ. ಪ್ರಶ್ನೆ ಉಚಿತವಾದುದೇ. ಅದಕ್ಕೆ ಗದರಿಕೆಯಿಂದ ಉತ್ತರ ಕೊಡುವುದು ಸಲ್ಲದು, ವಿಚಾರದಿಂದ ಕೊಡಬೇಕು.

ಇದು ಕೇವಲ ಸಂಗೀತಗಾರರ ಮನೆಯ ಮಾತಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂಥ ಊರಿನಲ್ಲಿ ಕುಳಿತು ನೋಡಿದರೆ ಇದರ ವಿಸ್ತಾರ ಚೆನ್ನಾಗಿ ತಿಳಿಯುತ್ತದೆ. ಇಲ್ಲಿಂದ ಬೆಟ್ಟದಪುರವನ್ನು ಹಾದು ಕಾವೇರಿಯ ದಡವನ್ನು ಸೇರಿದರೆ ರುದ್ರಪಟ್ಟಣ. ಅದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ ಊರು. ಸಂಗೀತಗಾರರ ಊರೆಂದೇ ಹೆಸರಾದದ್ದು. ವಿದ್ವಾನ್ ಆರ್. ಕೆ. ಶ್ರೀಕಂಠನ್ ೧೯೨೦ರಲ್ಲಿ ಹುಟ್ಟಿದ್ದು ಅಲ್ಲಿ. ಇತ್ತ ಹೆಗ್ಗಡದೇವನಕೋಟೆಯ ಕಡೆಗೆ ತಿರುಗಿದರೆ ಜೇನುಕುರುಬರ ಹಾಡಿಗಳು; ಮೈಸೂರು ಸೀಮೆಯುದ್ದಕ್ಕೂ ಮಂಟೇಸ್ವಾಮಿಯ ನೀಲಗಾರರು, ಮಾದೇಶ್ವರನ ಕಂಸಾಳೆಯವರು. ಹಳ್ಳಿಹಳ್ಳಿಯಲ್ಲಿ ಹಾರ್ಮೋನಿಯಂ ಮೇಷ್ಟರು ಕಲಿಸಿದ ಪೌರಾಣಿಕ ನಾಟಕದ ಪದಗಳು. ಇವೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಯಾರದೋ ಟೇಪ್ ರೆಕಾರ್ಡರಿನ ಮುಂದೆ ಸುಳಿದಿವೆ. ಈಗ ಯಾರದೋ ಮೊಬೈಲಿನಲ್ಲಿ ಸೆರೆಯಾಗುತ್ತಿವೆ. ಒಡನೆಯೇ ಕೈಯಿಂದ ಕೈಗೆ ಸಾಗುತ್ತಿವೆ. ಸಾಗುವ ವಸ್ತುವಿಗೆ ದಾರಿ ಬೇಕು. ದಾರಿಗೆ ಒಂದು ನಡೆ ಬೇಕು. ಆ ನಡೆಯ ವಿಚಾರವೇ ಇಂದಿನ ಲೇಖನದ ವಸ್ತು.

ಮೊದಲು ಸ್ವಲ್ಪ ಚರಿತ್ರೆ. ಹಿಂದೂಸ್ಥಾನದಲ್ಲಿ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡಿದ ಮೊದಮೊದಲ ದೊಡ್ಡ ಕಲಾವಿದರಲ್ಲಿ ಗೌಹರ್ ಜಾನ್ ಒಬ್ಬರು. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅವರ ಗಾನ ಮುದ್ರಣಗೊಂಡಿತು. ಆ ಕಾಲದಲ್ಲಿ ತಟ್ಟೆಗಳನ್ನು ಒತ್ತಿ ತೆಗೆಯುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಈ ದೇಶದ ಭಾಷೆಯೂ ತಿಳಿಯದು, ಹಾಡಿದವರೂ ತಿಳಿಯದು. ಆದುದರಿಂದ ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಮುಗಿಸುತ್ತಿದ್ದರು. ಇಂದು ಕೇಳಿದರೆ ನಮಗೆ ನಗೆ ಬರಬಹುದು. ಆದರೆ ಆ ಒಂದು ಉಕ್ತಿಯಲ್ಲಿ ಒಂದು ದೊಡ್ಡ ತತ್ತ್ವವಿದೆ: ಹಾಡು ಎಷ್ಟು ದೂರ ಹೋದರೂ ಹಾಡಿದವರ ಹೆಸರು ಅದರೊಡನೆ ಹೋಗಬೇಕು. ಆಕೆ ತಮ್ಮ ಕೊನೆಯ ಕಾಲವನ್ನು ಕಳೆದುದು ನಮ್ಮ ಮೈಸೂರಿನಲ್ಲಿ. ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, ೧೯೩೦ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡರು. ಮೈಸೂರಿನ ರಸಿಕರಿಗೆ ಈ ಪಾಠ ಹೊರಗಿನದಲ್ಲ.

ತಟ್ಟೆಯ ಕಾಲದಲ್ಲಿ ಕೇಳುವವನು ಕೇಳುವವನಾಗಿಯೇ ಇದ್ದ. ಮುದ್ರಿಸುವುದು ಕಂಪನಿಯ ಕೆಲಸ, ಕೊಳ್ಳುವುದು ಉಳ್ಳವರ ಕೆಲಸ, ನೆರೆಮನೆಯ ಜಗಲಿಯಲ್ಲಿ ಕುಳಿತು ಕೇಳುವುದು ಉಳಿದವರ ಭಾಗ್ಯ. ೧೯೩೫ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ನಿಲಯವನ್ನು ತೆರೆದರು. ಅದು ‘ಆಕಾಶವಾಣಿ’ ಎಂಬ ಹೆಸರನ್ನು ಪಡೆಯಿತು. ಸಂಗೀತ ತಂತಿಯಿಲ್ಲದೆ ಹಳ್ಳಿಗೂ ಬರುವಂತಾಯಿತು. ಆದರೂ ಕೇಳಿದ್ದು ಕಿವಿಯಲ್ಲಿ ಉಳಿಯಬೇಕೇ ಹೊರತು ಕೈಯಲ್ಲಿ ಉಳಿಯುವಂತಿರಲಿಲ್ಲ. ಈ ಸ್ಥಿತಿಯನ್ನು ತಲೆಕೆಳಗು ಮಾಡಿದುದು ಕಾಂತಪಟ್ಟಿಯ ಸುರುಳಿ. ಮೊದಲು ದೊಡ್ಡ ಸ್ಪೂಲಿನ ಯಂತ್ರಗಳು ಬಂದುವು. ೧೯೬೩ರಲ್ಲಿ ಫಿಲಿಪ್ಸ್ ಕಂಪನಿ ಅಂಗೈಯಗಲದ ಕ್ಯಾಸೆಟ್ಟನ್ನು ಹೊರತಂದಿತು. ಅಲ್ಲಿಂದ ಮುಂದೆ ಕೇಳುವವನೇ ಮುದ್ರಿಸುವವನೂ ಆದ. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ, ೧೯೬೨ರಲ್ಲಿ ಆರಂಭವಾದ ಒಂಟಿಕೊಪ್ಪಲಿನ ಎಂಟನೆಯ ಅಡ್ಡರಸ್ತೆಯ ಗಣೇಶೋತ್ಸವದಲ್ಲಿ, ದಸರೆಯ ಸಭೆಗಳಲ್ಲಿ ಹಾಡಿದ್ದು ನುಡಿಸಿದ್ದು ರಸಿಕರ ಮನೆಯ ಬೀರುಗಳನ್ನು ಸೇರತೊಡಗಿತು.

ಹೀಗೆ ಬೀರು ತುಂಬಿದವರಿಗೆ ಇನ್ನೊಬ್ಬರ ಬೀರುವಿನ ಮೇಲೆ ಕಣ್ಣು ಹೋಗುವುದು ಸಹಜ. ನನ್ನ ಬಳಿ ಚೌಡಯ್ಯನವರ ಪಿಟೀಲು ಇದೆ, ನಿನ್ನ ಬಳಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಇದೆ. ಒಂದು ಕೊಡು, ಒಂದು ತೆಗೆದುಕೊ. ಈ ಕೊಳುಕೊಡೆಗೆ ಯಾರೂ ಕಾನೂನು ಬರೆಯಲಿಲ್ಲ, ಸಂಘ ಕಟ್ಟಲಿಲ್ಲ, ಚಂದಾ ಎತ್ತಲಿಲ್ಲ. ಆದರೂ ಒಂದು ನಡವಳಿಕೆ ತಾನೇ ತಾನಾಗಿ ರೂಪುಗೊಂಡಿತು. ಅಂತರ್ಜಾಲ ಬಂದಮೇಲೆ ‘ಸಂಗೀತಪ್ರಿಯ’ದಂಥ ಬಳಗಗಳು ಅದೇ ನಡವಳಿಕೆಯನ್ನು ಹಿಡಿದು ಸಾವಿರಾರು ಕಚೇರಿಗಳನ್ನು ಹಂಚಿದುವು: ಲಾಭವಿಲ್ಲ, ಮಾರಾಟವಿಲ್ಲ, ಅಂಗಡಿಯಲ್ಲಿ ಸಿಗುವ ಮುದ್ರಣಕ್ಕೆ ಅಲ್ಲಿ ಜಾಗವಿಲ್ಲ, ಕೆಲಸವೆಲ್ಲ ರಸಿಕರ ಸ್ವಯಂಸೇವೆ. ಈ ನಡವಳಿಕೆಯ ಅಂಗಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅವು ಯಾರೋ ಹಿರಿಯರ ಹಟದಿಂದ ಹುಟ್ಟಿದವಲ್ಲ, ಒಂದೊಂದಕ್ಕೂ ಒಂದು ಕಾರಣವಿದೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು, ಮಾರಬಾರದು. ಕಲಾವಿದನು ಸಭೆಯಲ್ಲಿ ಹಾಡಿದಾಗ ತನ್ನ ಮುಂದೆ ಕುಳಿತು ಮುದ್ರಿಸಿಕೊಂಡವನನ್ನು ಸಹಿಸಿದ್ದು ಅವನು ರಸಿಕನೆಂಬ ನಂಬಿಕೆಯಿಂದ. ಆ ನಂಬಿಕೆಯಿಂದ ಬಂದುದಕ್ಕೆ ಬೆಲೆ ಕಟ್ಟಿದ ಗಳಿಗೆಯಲ್ಲಿ ರಸಿಕ ವ್ಯಾಪಾರಿಯಾಗುತ್ತಾನೆ; ಕಲಾವಿದನ ಬೆನ್ನ ಹಿಂದೆ ನಡೆದ ವ್ಯಾಪಾರಕ್ಕೆ ಒಳ್ಳೆಯ ಹೆಸರಿಲ್ಲ. ಇದರ ಜೊತೆಯದೇ ಇನ್ನೊಂದು: ಕಲಾವಿದರು ಅಥವಾ ಪ್ರಕಾಶಕರು ಅಂಗಡಿಯಲ್ಲಿ ಇಟ್ಟಿರುವುದನ್ನು ನಕಲು ಮಾಡಿ ಹಂಚಬಾರದು. ಅದು ಅವರ ಅನ್ನ. ಕೆಲವು ವರ್ಷಗಳ ಹಿಂದೆ ಸಣ್ಣ ಪಟ್ಟಣಗಳ ಮೊಬೈಲ್ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿನ ತುಂಬ ಹಾಡು ತುಂಬಿಸಿಕೊಡುತ್ತಿದ್ದುದನ್ನು ಎಲ್ಲರೂ ಕಂಡಿದ್ದೇವೆ. ಆ ರೂಪಾಯಿಗಳಲ್ಲಿ ಒಂದು ಕಾಸಾದರೂ ಹಾಡಿದವರ ಮನೆಗೆ ಹೋಗಿರಲಾರದು.

ಎರಡನೆಯದು, ಪಡೆದವನು ಕೊಡಬೇಕು. ಇಲ್ಲಿ ಒಂದು ತೊಡಕು ಉಂಟು. ಹೊಸದಾಗಿ ಬಂದ ವಿದ್ಯಾರ್ಥಿಯ ಬಳಿ ಕೊಡಲು ಏನಿರುತ್ತದೆ? ಇದಕ್ಕೆ ಅಮೆರಿಕದ ಧ್ವನಿಸುರುಳಿ ವಿನಿಮಯದವರು ಒಂದು ಸೊಗಸಾದ ಪರಿಹಾರ ಕಂಡುಕೊಂಡಿದ್ದರು. ಏನೂ ಇಲ್ಲದವನು ಖಾಲಿ ಕ್ಯಾಸೆಟ್ಟನ್ನೂ ಅಂಚೆಯ ವೆಚ್ಚವನ್ನೂ ಕಳುಹಿಸಿದರೆ ಸಾಕು. ಇದ್ದವನು ತನ್ನ ಬಿಡುವಿನಲ್ಲಿ ತುಂಬಿಸಿ ಕಳುಹಿಸುತ್ತಿದ್ದ. ಮುಂದೆ ಅದೇ ವಿದ್ಯಾರ್ಥಿ ಇನ್ನೊಬ್ಬ ಹೊಸಬನಿಗೆ ಹಾಗೆಯೇ ಮಾಡಿಕೊಡಬೇಕೆಂಬುದು ಅದರ ಒಳಗಿನ ಒಪ್ಪಂದ. ಕೊಡುವುದೆಂದರೆ ಸುರುಳಿಯನ್ನೇ ಕೊಡಬೇಕೆಂದಿಲ್ಲ, ಶ್ರಮವನ್ನು ಕೊಡಬಹುದು. ಪಟ್ಟಿ ಬರೆದುಕೊಡುವುದು, ರಾಗವನ್ನು ಗುರುತಿಸಿಕೊಡುವುದು, ಹಾಡಿದವರನ್ನು ವಿಚಾರಿಸಿ ಇಸವಿಯನ್ನು ತಂದುಕೊಡುವುದು ಇವೂ ದಾನವೇ.

ಮೂರನೆಯದು, ಹೆಸರಿನ ಸತ್ಯ. ಹಾಡಿದವರು ಯಾರು, ಪಕ್ಕವಾದ್ಯದವರು ಯಾರು, ಊರು ಯಾವುದು, ದಿನ ಯಾವುದು, ಮುದ್ರಿಸಿದವರು ಯಾರು ಎಂಬುದು ಮುದ್ರಣದೊಡನೆ ಸಾಗಬೇಕು. ತಿಳಿಯದಿದ್ದರೆ ತಿಳಿಯದೆಂದು ಬರೆಯಬೇಕು. ಒಬ್ಬನು ಊಹೆಯಿಂದ ಬರೆದ ಹೆಸರು ಹತ್ತನೆಯವನ ಕೈಗೆ ಬರುವಷ್ಟರಲ್ಲಿ ಪ್ರಮಾಣವಾಗುತ್ತದೆ. ನೂರನೆಯವನ ಕೈಯಲ್ಲಿ ಚರಿತ್ರೆಯಾಗುತ್ತದೆ. ಹಳೆಗನ್ನಡದ ಓಲೆಗಳನ್ನು ಸಂಪಾದಿಸಿದವರಿಗೆ ಈ ಅಪಾಯ ಚೆನ್ನಾಗಿ ಗೊತ್ತು. ಪ್ರತಿಕಾರನ ಒಂದು ತಪ್ಪು ಮುಂದಿನ ಪ್ರತಿಗಳಲ್ಲೆಲ್ಲ ವಂಶಪಾರಂಪರ್ಯವಾಗಿ ಇಳಿಯುತ್ತದೆ. ಓಲೆಯ ಪ್ರತಿಕಾರನಾದರೂ ತಿಂಗಳುಗಟ್ಟಲೆ ಕುಳಿತು ಒಂದು ಪ್ರತಿ ಮಾಡುತ್ತಿದ್ದ. ನಮ್ಮ ಕಾಲದವನು ಬೆರಳು ತಾಗಿಸಿ ಸಾವಿರ ಪ್ರತಿ ಮಾಡುತ್ತಾನೆ. ತಪ್ಪಿನ ವೇಗವೂ ಅಷ್ಟೇ ಹೆಚ್ಚಿದೆ. ಇದರಲ್ಲಿ ಹೆಚ್ಚು ಅನ್ಯಾಯಕ್ಕೆ ಗುರಿಯಾಗುವವರು ಪಕ್ಕವಾದ್ಯದವರು. ಹಾಡಿದವರ ಹೆಸರು ಹೇಗೋ ಉಳಿಯುತ್ತದೆ. ಮೂರು ಗಂಟೆ ಮೃದಂಗ ನುಡಿಸಿದವರ ಹೆಸರು ಎರಡನೆಯ ಪ್ರತಿಗೇ ಉದುರಿಹೋಗುತ್ತದೆ.

ನಾಲ್ಕನೆಯದು, ಅಂಗಭಂಗ ಮಾಡಬಾರದು. ರಾಗಾಲಾಪನೆಯನ್ನು ಕತ್ತರಿಸಿ ಕೃತಿಯನ್ನು ಮಾತ್ರ ಉಳಿಸುವುದು, ತನಿ ಆವರ್ತನವನ್ನು ತೆಗೆದುಹಾಕುವುದು, ಗಾತ್ರ ಇಳಿಸುವ ನೆವದಲ್ಲಿ ನಾದದ ಜೀವವನ್ನೇ ಹಿಂಡುವುದು ಈಗ ಸಾಮಾನ್ಯವಾಗಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಪ್ರತಿಯ ಪ್ರತಿ ಮಾಡಿದಂತೆಲ್ಲ ಬುಸುಗುಟ್ಟುವ ಸದ್ದು ಏರುತ್ತಿತ್ತು; ಅದು ಯಂತ್ರದ ದೋಷ. ಈಗ ಯಂತ್ರ ನಿರ್ದೋಷಿ. ದೋಷ ಮನುಷ್ಯನ ಆತುರದ್ದು. ೧೯೯೮ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಈಟ್ರೀ’ ಎಂಬ ವಿನಿಮಯಕೂಟ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ನಾದವನ್ನು ಹಿಂಡಿ ಕುಗ್ಗಿಸಿದ ಪ್ರತಿಯನ್ನು ಅದು ಹಂಚಿಕೆಗೆ ಒಪ್ಪುವುದಿಲ್ಲ. ಪ್ರತಿಯೊಂದು ಪ್ರತಿಯೂ ಮೂಲದೊಡನೆ ಅಕ್ಷರಶಃ ತಾಳೆಯಾಗಬೇಕು.

ಐದನೆಯದು, ಎಲ್ಲಕ್ಕಿಂತ ಕಷ್ಟದ್ದು: ಕಲಾವಿದನ ಇಚ್ಛೆ. ಅನ್ನಪೂರ್ಣಾದೇವಿಯವರು ೧೯೫೦ರ ದಶಕದ ಬಳಿಕ ಸಭೆಗಳಲ್ಲಿ ನುಡಿಸುವುದನ್ನು ಬಿಟ್ಟರು. ತಮ್ಮ ಸುರಬಹಾರ್ ವಾದನದ ಮುದ್ರಣಗಳು ಹೊರಬರುವುದನ್ನು ಇಚ್ಛಿಸಲಿಲ್ಲ. ೨೦೧೮ರಲ್ಲಿ ಅವರು ತೀರಿಕೊಂಡರು. ಆದರೂ ಅವರ ವಾದನದ ಕೆಲವು ಮುದ್ರಣಗಳು ರಸಿಕರ ಕೈಯಿಂದ ಕೈಗೆ ಸಾಗಿವೆ. ಕೇಳಿದವರು ಧನ್ಯರಾದೆವೆನ್ನುತ್ತಾರೆ. ಅವರ ಧನ್ಯತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೇಡವೆಂದವರ ಬಾಗಿಲಿನ ಸಂದಿಯಿಂದ ಕೇಳಿದ ನಾದಕ್ಕೂ, ಬನ್ನಿರೆಂದು ಕರೆದವರ ಪಡಸಾಲೆಯಲ್ಲಿ ಕೇಳಿದ ನಾದಕ್ಕೂ ಒಂದು ಭೇದವಿದೆಯೆಂಬುದನ್ನು ಸಹೃದಯನ ಮನಸ್ಸು ಮರೆಯಬಾರದು. ಇನ್ನೊಂದು ಕಡೆ, ಉಸ್ತಾದ್ ಅಲ್ಲಾದಿಯಾ ಖಾನರ ಗಾಯನದ ಮುದ್ರಣವೇ ನಮಗೆ ಉಳಿದಿಲ್ಲ. ಅವರ ಮಗ ಮಂಜಿ ಖಾನರಿಂದ ಕಲಿತ ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ಆ ಘರಾಣೆಯ ಹೊಳಪನ್ನು ನಾವು ಊಹಿಸಿಕೊಳ್ಳಬೇಕು. ಆದುದರಿಂದ ‘ಮುದ್ರಿಸಲೇಬೇಡಿ’ ಎಂಬುದೂ ಉತ್ತರವಲ್ಲ. ಕೇಳಿ ಮುದ್ರಿಸಬೇಕು, ಕೇಳಿ ಹಂಚಬೇಕು, ಬೇಡವೆಂದರೆ ನಿಲ್ಲಬೇಕು.

ಕೇಳಿದರೆ ಒಪ್ಪುವವರು ಇದ್ದಾರೆಯೇ ಎಂದು ಸಂದೇಹಪಡುವವರಿಗೆ ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ವಾದ್ಯಮೇಳದ ಉದಾಹರಣೆ ಸಾಕು. ೧೯೮೪ರಲ್ಲಿ ಆ ಮೇಳದವರು ತಮ್ಮ ಕಚೇರಿಗಳಲ್ಲಿ ಮುದ್ರಿಸಿಕೊಳ್ಳುವವರಿಗೆಂದೇ ಪ್ರತ್ಯೇಕ ಸ್ಥಳವನ್ನು ಬಿಟ್ಟುಕೊಟ್ಟರು. ಷರತ್ತು ಒಂದೇ, ಹಂಚಿಕೊಳ್ಳಿ, ಮಾರಬೇಡಿ. ಕೇಳುಗರು ಆ ಷರತ್ತನ್ನು ತಮ್ಮ ಮಾನದ ಪ್ರಶ್ನೆಯೆಂದು ಭಾವಿಸಿ ತಾವೇ ಕಾಯ್ದರು. ಮಾರಿದವನಿಗೆ ಬಳಗದಲ್ಲಿ ಮುಖವಿಲ್ಲದಂತಾಯಿತು. ಕಲಾವಿದ ನಂಬಿದ, ರಸಿಕ ಆ ನಂಬಿಕೆಗೆ ತಕ್ಕವನಾದ.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. ನಮ್ಮ ದೇಶದ ಕೃತಿಸ್ವಾಮ್ಯ ಶಾಸನ ೧೯೫೭ರದು. ಅದರಲ್ಲಿ ಮೊದಲು ಕೃತಿಕಾರನಿಗೂ ಧ್ವನಿಮುದ್ರಣ ಮಾಡಿದವನಿಗೂ ಹಕ್ಕಿತ್ತು; ಹಾಡಿದವನಿಗೆ ಹಾಡಿದನೆಂಬ ಕಾರಣಕ್ಕೆ ಪ್ರತ್ಯೇಕ ಹಕ್ಕಿರಲಿಲ್ಲ. ೧೯೯೪ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಬಂದಿತು. ಮೊದಲು ೨೫ ವರ್ಷವೆಂದಿದ್ದುದು ೧೯೯೯ರಲ್ಲಿ ೫೦ ವರ್ಷವಾಯಿತು. ೨೦೧೨ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನ ಪ್ರದರ್ಶನಕ್ಕೆ ತನ್ನ ಹೆಸರನ್ನು ಸೇರಿಸಬೇಕೆಂದು ಕೇಳುವ ಹಕ್ಕನ್ನೂ, ಮಾನಕ್ಕೆ ಕುಂದು ತರುವಂತೆ ಅದನ್ನು ವಿಕಾರಗೊಳಿಸುವುದನ್ನು ತಡೆಯುವ ಹಕ್ಕನ್ನೂ ಪ್ರದರ್ಶಕನಿಗೆ ಕೊಟ್ಟಿತು. ಸ್ವಂತಕ್ಕೆ ಕೇಳಿಕೊಳ್ಳಲು, ಇಲ್ಲವೆ ಪ್ರಾಮಾಣಿಕವಾದ ಬೋಧನೆ ಸಂಶೋಧನೆಗಳಿಗಾಗಿ ಮುದ್ರಿಸಿಕೊಳ್ಳುವುದು ಹಕ್ಕಿನ ಉಲ್ಲಂಘನೆಯಲ್ಲವೆಂದೂ ಶಾಸನ ಹೇಳುತ್ತದೆ. ಗಮನಿಸಿ ನೋಡಿದರೆ, ಹೆಸರನ್ನು ಬಿಡಬಾರದು, ಅಂಗಭಂಗ ಮಾಡಬಾರದು ಎಂದು ರಸಿಕರು ಕ್ಯಾಸೆಟ್ಟಿನ ಕಾಲದಲ್ಲಿ ತಾವಾಗಿಯೇ ಇಟ್ಟುಕೊಂಡಿದ್ದ ಮರ್ಯಾದೆಯೇ ಹಲವು ವರ್ಷಗಳ ಬಳಿಕ ಶಾಸನದ ಭಾಷೆಯಲ್ಲಿ ಮೂಡಿದೆ. ಒಳ್ಳೆಯ ನಡತೆ ಮುಂದೆ ನಡೆಯುತ್ತದೆ. ಕಾನೂನು ಹಿಂದಿನಿಂದ ಬರುತ್ತದೆ.

ಹಾಗಾದರೆ ಎಲ್ಲವನ್ನೂ ಕಾನೂನಿಗೇ ಬಿಡಬಹುದಲ್ಲವೇ? ಬಿಡಲಾಗದು. ಸ್ವಂತಕ್ಕೆಂದು ಮುದ್ರಿಸಿದುದನ್ನು ಗೆಳೆಯನಿಗೆ ಕೊಟ್ಟರೆ ಅದು ಎಲ್ಲಿಯವರೆಗೆ ಸ್ವಂತ? ತೀರಿಕೊಂಡ ವಿದ್ವಾಂಸರ ಶಿಷ್ಯರು ಬೇಡುವುದೊಂದು, ಮಕ್ಕಳು ಬೇಡುವುದೊಂದಾದರೆ ಯಾರ ಮಾತು ಮೇಲು? ಇಂಥ ಪ್ರಶ್ನೆಗಳಿಗೆಲ್ಲ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಸಂಗೀತ ಮುಗಿದು ವ್ಯಾಜ್ಯ ಉಳಿಯುತ್ತದೆ. ನ್ಯಾಯಾಲಯಕ್ಕೂ ಅಂತಃಸಾಕ್ಷಿಗೂ ನಡುವೆ ಒಂದು ವಿಶಾಲವಾದ ಬಯಲಿದೆ. ಅದನ್ನು ಆಳುವುದು ಬಳಗದ ಮರ್ಯಾದೆ.

ಬಳಗ ತನ್ನನ್ನು ತಾನು ಆಳಿಕೊಳ್ಳಬಲ್ಲುದೇ? ಹಳೆಯ ಮೈಸೂರು ಸೀಮೆಯವರು ಈ ಪ್ರಶ್ನೆಗೆ ಪುಸ್ತಕವನ್ನು ತೆರೆಯಬೇಕಾಗಿಲ್ಲ, ಊರ ಕೆರೆಯ ಕಡೆ ನೋಡಿದರೆ ಸಾಕು. ಕೆರೆಯ ನೀರನ್ನು ಗದ್ದೆಗಳಿಗೆ ಹಂಚಲು ನೀರುಗಂಟಿಯಿದ್ದ. ತೂಬನ್ನು ಎತ್ತುವವನು ಅವನು. ಯಾರ ಗದ್ದೆಗೆ ಯಾವ ಸರದಿ ಎಂಬುದನ್ನು ಬಲ್ಲವನು ಅವನು. ಅವನ ಅಧಿಕಾರ ಊರಿನವರ ಒಪ್ಪಿಗೆಯಲ್ಲಿ ನಿಂತಿತ್ತು. ಇಂಥ ಏರ್ಪಾಡುಗಳನ್ನು ಲೋಕದ ಹಲವು ಮೂಲೆಗಳಲ್ಲಿ ಪರಿಶೀಲಿಸಿದ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ೧೯೯೦ರಲ್ಲಿ ಒಂದು ಗ್ರಂಥ ಬರೆದು, ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಅವರು ಕಂಡ ಸಾರ ಇಷ್ಟು: ಬಳಸುವವರೇ ಕಟ್ಟಳೆ ಮಾಡಬೇಕು, ಬಳಸುವವರೇ ಕಾಯಬೇಕು, ತಪ್ಪಿದವನಿಗೆ ಮೊದಲು ಸಣ್ಣ ದಂಡ, ಮತ್ತೆ ತಪ್ಪಿದರೆ ಹೆಚ್ಚಿನದು, ಜಗಳ ಬಂದರೆ ಹತ್ತಿರದಲ್ಲೇ, ಖರ್ಚಿಲ್ಲದೆ ತೀರುವಂತಿರಬೇಕು. ಹೀಗಿದ್ದರೆ ಸರಕಾರವೂ ಬೇಕಾಗಿಲ್ಲದೆ, ಸಂತೆಯೂ ಬೇಕಾಗಿಲ್ಲದೆ ಸಮುದಾಯದ ಸೊತ್ತು ತಲೆಮಾರುಗಳ ಕಾಲ ಉಳಿದೀತು.

ಕೆರೆಯ ಹೋಲಿಕೆಯಲ್ಲಿ ಒಂದು ಆಕ್ಷೇಪ ಬರಬಹುದು. ನೀರು ಕೊಟ್ಟರೆ ಬತ್ತುತ್ತದೆ, ನಾದ ಬತ್ತುವುದಿಲ್ಲವಲ್ಲ! ಮೊದಲಿಗೆ ಎತ್ತಿದ ಪ್ರಶ್ನೆ ಇಲ್ಲಿ ತಿರುಗಿ ಬರುತ್ತದೆ. ಇದಕ್ಕೆ ನಮ್ಮ ಉತ್ತರವಿದು: ಈ ಕೊಳುಕೊಡೆಯಲ್ಲಿ ಬತ್ತುವ ವಸ್ತುವೂ ಒಂದಿದೆ, ಅದು ನಾದವಲ್ಲ, ನಂಬಿಕೆ. ತನ್ನ ಮುದ್ರಣವನ್ನು ಯಾರೋ ಮಾರಿದರೆಂದು ತಿಳಿದ ಕಲಾವಿದ ಮುಂದಿನ ಕಚೇರಿಯಲ್ಲಿ ಯಂತ್ರವನ್ನು ಹೊರಗಿಡಿ ಎನ್ನುತ್ತಾನೆ. ನಲವತ್ತು ವರ್ಷ ಜೋಪಾನ ಮಾಡಿದ ಸುರುಳಿಯನ್ನು ಗೆಳೆಯನಿಗೆ ಕೊಟ್ಟು, ಅದು ಮರುದಿನವೇ ತನ್ನ ಹೆಸರಿಲ್ಲದೆ, ಹಾಡಿದವರ ಹೆಸರೂ ಇಲ್ಲದೆ ಊರೆಲ್ಲ ಹರಿದಾಡಿದುದನ್ನು ಕಂಡ ಹಿರಿಯರು ಬೀರುವಿಗೆ ಬೀಗ ಹಾಕುತ್ತಾರೆ. ಬೀಗ ಹಾಕಿದ ಬೀರುವಿನಲ್ಲಿ ಸುರುಳಿ ಸುಮ್ಮನೆ ಕೂರುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಂತದ ಪುಡಿ ಉದುರುತ್ತದೆ. ಅದನ್ನು ಓಡಿಸುವ ಯಂತ್ರವೂ, ಯಂತ್ರವನ್ನು ರಿಪೇರಿ ಮಾಡುವವರೂ ಅಪರೂಪವಾಗುತ್ತಾರೆ. ಆ ಹಿರಿಯರು ತೀರಿಕೊಂಡ ಮೇಲೆ ಮನೆಯವರು ಅದು ಏನೆಂದು ತಿಳಿಯದೆ ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕುತ್ತಾರೆ. ನಂಬಿಕೆ ಬತ್ತಿದರೆ ನಾದವೂ ಬತ್ತುತ್ತದೆ ಎಂದದ್ದು ಅಲಂಕಾರದ ಮಾತಲ್ಲ. ಕಣ್ಣೆದುರಿಗೆ ನಡೆಯುವ ಸಂಗತಿ.

ಹೀಗೆಂದು ಹಿರಿಯರದೆಲ್ಲ ಸರಿ, ಕಿರಿಯರದೆಲ್ಲ ತಪ್ಪು ಎಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಬಳಗದ ಆಳ್ವಿಕೆಗೆ ತನ್ನದೇ ಆದ ರೋಗಗಳಿವೆ. ಮೊದಲನೆಯ ರೋಗ ಕೃಪಣತೆ. ಮರ್ಯಾದೆಯ ಹೆಸರಿನಲ್ಲಿ ಏನನ್ನೂ ಯಾರಿಗೂ ಕೊಡದೆ, ‘ನನ್ನ ಬಳಿ ಮಾತ್ರ ಇದೆ’ ಎಂಬ ಬಿಂಕದಲ್ಲಿ ಬಾಳುವವರುಂಟು. ಹಿಂದೆ ಕೆಲವು ವಿದ್ವಾಂಸರು ಅಪೂರ್ವ ಕೃತಿಗಳನ್ನು ಶಿಷ್ಯರಿಗೂ ಹೇಳಿಕೊಡದೆ ತಮ್ಮೊಡನೆ ಕೊಂಡೊಯ್ದರೆಂದು ನಾವು ಮರುಗುತ್ತೇವೆ. ಸುರುಳಿಯ ಮೇಲೆ ಕುಳಿತವನು ಮಾಡುವುದೂ ಅದನ್ನೇ. ಹಾಡಿದುದು ಅವನಲ್ಲ, ರಚಿಸಿದುದು ಅವನಲ್ಲ. ಆ ಸಂಜೆ ಗುಂಡಿ ಒತ್ತಿದ ಪುಣ್ಯ ಮಾತ್ರ ಅವನದು. ಅವನು ಸೊತ್ತಿನ ಒಡೆಯನಲ್ಲ, ಪಾರುಪತ್ಯಗಾರ. ಎರಡನೆಯ ರೋಗ ದರ್ಪ. ರಾಗದ ಹೆಸರನ್ನು ತಪ್ಪಾಗಿ ಹೇಳಿದ ಹೊಸಬನನ್ನು ಹತ್ತು ಜನರ ಮುಂದೆ ಹಂಗಿಸುವುದು, ವಿಚಾರಣೆಯಿಲ್ಲದೆ ಬಹಿಷ್ಕಾರ ಹಾಕುವುದು, ತಮ್ಮವರ ತಪ್ಪನ್ನು ಕಂಡೂ ಕಾಣದಂತಿರುವುದು. ಹೊಸಬನಿಗೆ ಕಟ್ಟಳೆ ತಿಳಿಯದಿದ್ದರೆ ಮೊದಲು ತಿಳಿಸಬೇಕು. ತಪ್ಪಿದರೆ ಏಕಾಂತದಲ್ಲಿ ಒಂದು ಮಾತು. ಮತ್ತೆ ತಪ್ಪಿದರೆ ಕೆಲವು ಕಾಲ ಕೊಡದಿರುವುದು. ತಿಳಿದೂ ತಿಳಿದೂ ಮಾರಾಟಕ್ಕಿಳಿದರೆ ಮಾತ್ರ ಬಾಗಿಲು ಮುಚ್ಚುವುದು. ತೂಬು ತನ್ನ ಕೈಯಲ್ಲಿದೆಯೆಂದು ನೀರುಗಂಟಿ ಕೆರೆಯನ್ನೇ ತನ್ನದೆಂದರೆ ಊರು ಸುಮ್ಮನಿರುವುದಿಲ್ಲ.

ಈ ಮರ್ಯಾದೆಯ ನಿಜವಾದ ಪರೀಕ್ಷೆ ನಡೆಯುವುದು ಶಾಸ್ತ್ರೀಯ ಸಂಗೀತದಲ್ಲಿ ಅಲ್ಲ, ಜನಪದ ಸಂಗೀತದಲ್ಲಿ. ವಿದ್ವಾಂಸನಿಗೆ ಹೆಸರಿದೆ, ಶಿಷ್ಯರಿದ್ದಾರೆ, ಸಭೆಗಳಿವೆ. ಅವನ ಪರವಾಗಿ ಮಾತಾಡುವವರಿದ್ದಾರೆ. ನೀಲಗಾರನ ಪರವಾಗಿ ಯಾರು? ರಾತ್ರಿಯಿಡೀ ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡಿದವನ ದನಿ ಬೆಳಗಾಗುವಷ್ಟರಲ್ಲಿ ಹತ್ತು ಮೊಬೈಲುಗಳಲ್ಲಿರುತ್ತದೆ. ಅದರ ಮೇಲೆ ಬರೆದಿರುವುದು ಎರಡೇ ಮಾತು: ‘ಜಾನಪದ ಗೀತೆ’. ಹಾಡು ಜನಪದದ್ದು ನಿಜ. ಕಂಠ ಜನಪದದ್ದಲ್ಲ, ಒಬ್ಬ ಮನುಷ್ಯನದು. ಅವನಿಗೆ ಒಂದು ಊರಿದೆ, ಒಂದು ಗುರುಪರಂಪರೆಯಿದೆ, ಒಂದು ಹೊಟ್ಟೆಯೂ ಇದೆ. ‘ಜಾನಪದ’ ಎಂಬ ಗೌರವದ ಪದವೇ ಅವನ ಹೆಸರನ್ನು ಅಳಿಸುವ ಸಾಧನವಾಗಿರುವುದು ನಮ್ಮ ವಿದ್ಯಾವಂತಿಕೆಗೆ ಶೋಭೆಯಲ್ಲ. ಕಾನೂನಿನ ದೃಷ್ಟಿಯಲ್ಲಾದರೂ ಅವನು ಅನಾಮಿಕನಲ್ಲ. ಕೃತಿಸ್ವಾಮ್ಯ ಶಾಸನ ‘ಪ್ರದರ್ಶಕ’ ಎಂಬ ಪದಕ್ಕೆ ಅರ್ಥ ಹೇಳುವಾಗ ಗಾಯಕ, ವಾದಕ, ನರ್ತಕರ ಜೊತೆಗೆ ದೊಂಬರವನನ್ನೂ ಹಾವಾಡಿಗನನ್ನೂ ಸೇರಿಸಿದೆ. ಹಾವಾಡಿಗನಿಗೆ ಇರುವ ಹಕ್ಕು ಹೆಗ್ಗಡದೇವನಕೋಟೆಯ ಹಾಡಿಯಲ್ಲಿ ಹಾಡುವ ಜೇನುಕುರುಬರ ಹೆಣ್ಣುಮಗಳಿಗೆ ಇಲ್ಲದೆ ಹೋದೀತೆ?

ಇದಕ್ಕೆ ಮೇಲ್ಪಂಕ್ತಿ ನಮ್ಮಲ್ಲೇ ಇದೆ. ಎಚ್. ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನು ಎಬ್ಬಿಸಿ, ಊರೂರು ಸುತ್ತಿ ಹಾಡುಗಳನ್ನು ಮುದ್ರಿಸಿದರು. ಮೈಸೂರಿನ ಪಿ. ಕೆ. ರಾಜಶೇಖರರು ಮಲೆಯ ಮಾದೇಶ್ವರನ ಮಹಾಕಾವ್ಯವನ್ನು ಕಲಾವಿದರ ಬಾಯಿಂದ ಕೇಳಿ ಗ್ರಂಥಸ್ಥಗೊಳಿಸಿದರು. ೧೯೮೨ರಲ್ಲಿ ಸ್ಥಾಪಿತವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಧ್ವನಿಭಂಡಾರದಲ್ಲಿ ಮುದ್ರಣವನ್ನು ಒಪ್ಪಿಸುವವರು ಅದನ್ನು ಯಾರು, ಹೇಗೆ ಬಳಸಬಹುದೆಂಬ ಷರತ್ತನ್ನು ಬರೆದುಕೊಡುವ ಪದ್ಧತಿಯಿದೆ. ಕೊಡುವವನ ಮಾತಿಗೆ ಬೆಲೆಯಿದೆಯೆಂದು ಗೊತ್ತಾದರೆ ಕೊಡುವವರು ಮುಂದೆ ಬರುತ್ತಾರೆ.

ನಮ್ಮ ಕಾಲೇಜುಗಳೂ ಪ್ರೌಢಶಾಲೆಗಳೂ ಈ ಕೆಲಸದಲ್ಲಿ ಕೈಹಾಕಬಹುದು. ದೊಡ್ಡ ಕಟ್ಟಡ ಬೇಡ, ಅನುದಾನ ಬೇಡ. ಕನ್ನಡ ವಿಭಾಗದಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕವಿದ್ದರೆ ಸಾಕು. ವಿದ್ಯಾರ್ಥಿಗಳು ತಂತಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಹಳೆಯ ಸುರುಳಿಗಳಿವೆಯೆಂದು ವಿಚಾರಿಸಲಿ. ಸುರುಳಿಯನ್ನು ಕೇಳುವುದು ಬೇಡ, ಮೊದಲು ವಿವರವನ್ನು ಕೇಳಲಿ. ಹಾಡಿದವರು ಯಾರು? ಜೊತೆಯವರು ಯಾರು? ಎಲ್ಲಿ, ಯಾವಾಗ? ಮುದ್ರಿಸಿದವರು ಯಾರು? ಇದನ್ನು ಬೇರೆಯವರು ಕೇಳಬಹುದೇ, ಪ್ರತಿ ಮಾಡಿಕೊಳ್ಳಬಹುದೇ? ಈ ಐದು ಪ್ರಶ್ನೆಗಳಿಗೆ ಬಂದ ಉತ್ತರವನ್ನು ಹಾಗೆಯೇ ಬರೆಯಲಿ. ‘ಬೇಡ’ ಎಂದರೆ ‘ಬೇಡ’ ಎಂದೇ ಬರೆಯಲಿ. ಒಪ್ಪಿದವರ ಸುರುಳಿಯನ್ನು ಪ್ರತಿ ಮಾಡಿ, ಮೂಲವನ್ನೂ ಒಂದು ಪ್ರತಿಯನ್ನೂ ಅವರ ಮನೆಗೇ ಮುಟ್ಟಿಸಲಿ. ಹಾಡಿದವರು ಬದುಕಿದ್ದರೆ ಅವರಿಗೆ ಒಮ್ಮೆ ಕೇಳಿಸಲಿ. ಜಾನಪದವನ್ನು ಪಠ್ಯದಲ್ಲಿ ಓದಿ ಅಂಕ ಪಡೆಯುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ನಾವು ಕಾಣೆವು. ಗ್ರಂಥಸಂಪಾದನೆಯ ಶಿಸ್ತನ್ನೂ ಮನುಷ್ಯರೊಡನೆ ನಡೆದುಕೊಳ್ಳುವ ಶಿಸ್ತನ್ನೂ ಅದು ಒಟ್ಟಿಗೆ ಕಲಿಸುತ್ತದೆ.

ನಮ್ಮ ಸಂಗೀತದಲ್ಲಿ ಶ್ರುತಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತಂಬೂರಿ ಮೀಟುವವರು ಹಿಂದೆ ಕುಳಿತಿರುತ್ತಾರೆ. ಅವರ ಕಡೆ ಸಭೆಯ ಕಣ್ಣು ಹೋಗುವುದೂ ಅಪರೂಪ. ಆದರೆ ಶ್ರುತಿ ತಪ್ಪಿದರೆ ಎಂಥ ವಿದ್ವಾಂಸನೂ ಮುಂದೆ ಹಾಡಲಾರ. ಕೊಳುಕೊಡೆಯ ಮರ್ಯಾದೆಯೂ ಅಂಥದೇ. ಅದನ್ನು ಪಾಲಿಸಿದವನಿಗೆ ಬಿರುದಿಲ್ಲ, ಬಹುಮಾನವಿಲ್ಲ. ಆದರೆ ಅದು ಸರಿಯಾಗಿದ್ದಲ್ಲಿ ಮಾತ್ರ ಒಂದು ತಲೆಮಾರು ಹಾಡಿದ್ದು ಇನ್ನೊಂದು ತಲೆಮಾರಿನ ಕಿವಿಯನ್ನು ಮುಟ್ಟುತ್ತದೆ. ಕೊಡುವವನು ಧಾರಾಳಿಯಾಗಿ, ಕೊಳ್ಳುವವನು ಕೃತಜ್ಞನಾಗಿ, ಹಾಡಿದವನ ಹೆಸರು ಇಬ್ಬರ ನಡುವೆ ಅಳಿಯದೆ ಉಳಿದರೆ, ಮಿಕ್ಕ ಕಟ್ಟಳೆಗಳು ತಾವಾಗಿಯೇ ಒದಗಿ ಬರುತ್ತವೆ.